ಹದಿಹರೆಯದವರ ಪತ್ರಿಕೆಗೊಂದು ಮುಖಪುಟ

ಪುಸ್ತಕಕ್ಕೆ ಹೊದಿಸುವ ಕಾಗದವನ್ನು ನಮ್ಮವರು ರಕ್ಷಾಪುಟವೆಂದು ಕರೆದರು. ಪತ್ರಿಕೆಯ ಮೊದಲ ಹಾಳೆಯನ್ನು ಮುಖಪುಟವೆಂದರು. ಈ ಎರಡು ಹೆಸರುಗಳಲ್ಲಿಯೇ ಎರಡರ ಕೆಲಸವೂ ಅಡಗಿದೆ. ರಕ್ಷಾಪುಟ ಒಳಗಿನ ಹಾಳೆಗಳನ್ನು ಧೂಳಿನಿಂದಲೂ ಕೈಯ ಬೆವರಿನಿಂದಲೂ ಕಾಪಾಡುತ್ತದೆ. ಮುಖಪುಟವಾದರೋ ಮನೆಯ ಬಾಗಿಲಲ್ಲಿ ನಿಂತು, ಹಾದಿಯಲ್ಲಿ ಹೋಗುವವರನ್ನು "ಬನ್ನಿ, ಒಳಗೆ ಬನ್ನಿ" ಎಂದು ಕರೆಯುತ್ತದೆ. ಕರೆಯುವವರ ಮುಖ ಹೇಗಿದೆಯೆಂಬುದನ್ನು ನೋಡಿಯೇ ನಾವು ಒಳಗೆ ಹೋಗುವುದು, ಇಲ್ಲವೆ ಮುಂದೆ ಸಾಗುವುದು.

ರೇಡಿಯೋ ಇರುವ ಮನೆಯವರಿಗೆ ಈ ಮಾತು ಬೇಗ ಮನದಟ್ಟಾದೀತು. ಆಕಾಶವಾಣಿಯಲ್ಲಿ ಹಾಡುವವರ ಕಂಠ ಕೇಳುತ್ತದೆ, ಮುಖ ಕಾಣುವುದಿಲ್ಲ. ಕಂಠವನ್ನು ಕೇಳಿ ಮುಖವನ್ನು ನಾವೇ ಊಹಿಸಿಕೊಳ್ಳುತ್ತೇವೆ. ಮುಖಪುಟದಲ್ಲಿ ಇದು ತಿರುಗುಮುರುಗು. ಅಲ್ಲಿ ಮುಖ ಕಾಣುತ್ತದೆ, ಕಂಠವಿಲ್ಲ. ಆ ಮುಖ ಏನು ಹೇಳುತ್ತಿದೆಯೆಂಬುದನ್ನು ನೋಡುವವರೇ ತುಂಬಿಕೊಳ್ಳಬೇಕು. ನೋಡುವವಳು ಹದಿನಾಲ್ಕು ಹದಿನೈದು ವರ್ಷದ ಹುಡುಗಿಯಾದರೆ ಏನೆಂದು ತುಂಬಿಕೊಂಡಾಳು? "ನಿನ್ನಂಥವಳೇ ನಾನು" ಎಂದೋ, "ನೀನು ಹೀಗಿರಬೇಕಾಗಿತ್ತು" ಎಂದೋ? ಉತ್ತರವು ಬಹುಮಟ್ಟಿಗೆ ಮುಖಪುಟವನ್ನು ರಚಿಸಿದವರ ಕೈಯಲ್ಲಿದೆ. ಆದಕಾರಣ ಹದಿಹರೆಯದವರಿಗಾಗಿ ಹೊರಡುವ ಉಡುಪು–ತೊಡುಪುಗಳ ಪತ್ರಿಕೆಗೆ, ಅಂದರೆ ಫ್ಯಾಷನ್ ಪತ್ರಿಕೆಗೆ, ಮುಖಪುಟವನ್ನು ಹೇಗೆ ರಚಿಸುತ್ತಾರೆ, ಹೇಗೆ ರಚಿಸಿದರೆ ಒಳ್ಳೆಯದು ಎಂಬುದನ್ನು ತಿಳಿದುಕೊಳ್ಳುವುದು ಹಿರಿಯರಾದ ನಮಗೂ ಅಗತ್ಯವೇ ಸರಿ.

ಈ ಬಗೆಯ ಪತ್ರಿಕೆಗಳಿಗೆ ಮೇಲ್ಪಂಕ್ತಿಯಾದದ್ದು ಅಮೆರಿಕದ 'ಸೆವೆಂಟೀನ್'. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರ ಸೆಪ್ಟೆಂಬರ್ ತಿಂಗಳಲ್ಲಿ, ಅದರ ಮೊದಲ ಸಂಚಿಕೆ ಹೊರಬಂದಿತು. ಪ್ರಕಾಶಕರು ವಾಲ್ಟರ್ ಆನೆನ್‌ಬರ್ಗ್. ಸಂಪಾದಕಿ ಹೆಲೆನ್ ವ್ಯಾಲಂಟೈನ್. ಚಿಕ್ಕಮಕ್ಕಳಿಗೂ ಪತ್ರಿಕೆಗಳಿದ್ದವು, ಗೃಹಿಣಿಯರಿಗೂ ಇದ್ದವು. ನಡುವಣ ವಯಸ್ಸಿನ ಹುಡುಗಿಯರನ್ನು ಗಂಭೀರವಾಗಿ ಎಣಿಸಿ ಮಾತನಾಡಿಸುವವರೇ ಇರಲಿಲ್ಲವೆಂಬುದು ವ್ಯಾಲಂಟೈನ್ ಅವರ ಎಣಿಕೆ. ಆ ಎಣಿಕೆ ಸುಳ್ಳಾಗಲಿಲ್ಲ. ಮೊದಲ ಸಂಚಿಕೆಯ ನಾಲ್ಕು ಲಕ್ಷ ಪ್ರತಿಗಳು ಒಂದು ವಾರ ತುಂಬುವ ಮೊದಲೇ ಮಾರಾಟವಾಗಿಹೋದವು.

ಆದರೆ ಆ ಹುಡುಗಿಯನ್ನು ಎರಡು ಕಣ್ಣುಗಳಿಂದ ನೋಡುವವರು ಆ ಕಚೇರಿಯಲ್ಲಿಯೇ ಇದ್ದರು. ಪತ್ರಿಕೆಯ ಪ್ರಚಾರದ ಹೊಣೆ ಹೊತ್ತ ಎಸ್ಟೆಲ್ ಎಲ್ಲಿಸ್ ಅವರು 'ಟೀನಾ' ಎಂಬ ಒಬ್ಬ ಕಾಲ್ಪನಿಕ ಹುಡುಗಿಯನ್ನು ಸೃಷ್ಟಿಸಿದರು. ಓದುಗ ಹುಡುಗಿಯರನ್ನೂ ಅವರ ತಾಯಂದಿರನ್ನೂ ವಿಚಾರಿಸಿ ಕಲೆಹಾಕಿದ ವಿವರಗಳಿಂದ ಮೂಡಿದ ಮೂರ್ತಿ ಆಕೆ. ಟೀನಾ ಏನು ತಿನ್ನುತ್ತಾಳೆ, ಏನು ಉಡುತ್ತಾಳೆ, ಅವಳ ಕೈಯಲ್ಲಿ ಎಷ್ಟು ದುಡ್ಡಾಡುತ್ತದೆ ಎಂಬುದನ್ನೆಲ್ಲ ಬಟ್ಟೆ ತಯಾರಿಸುವವರಿಗೂ ಅಂಗಡಿಗಳವರಿಗೂ ತಿಳಿಸಿ ಜಾಹೀರಾತುಗಳನ್ನು ತರುವುದು ಅದರ ಉದ್ದೇಶ. ಸಂಪಾದಕಿಯ ಕಣ್ಣಿಗೆ ಆಕೆ ಓದುಗಳು. ಜಾಹೀರಾತಿನವರ ಕಣ್ಣಿಗೆ ಗಿರಾಕಿ. ಮುಖಪುಟವನ್ನು ರಚಿಸುವ ಕಲಾವಿದರು ಈ ಎರಡು ಕಣ್ಣುಗಳ ನಡುವೆ ಕುಳಿತು ಕೆಲಸ ಮಾಡಬೇಕಾಯಿತು. ಮುಂದೆ ಬಂದ ಇಂಥ ಎಲ್ಲ ಪತ್ರಿಕೆಗಳ ಪಾಡೂ ಇದೇ.

ಈಗ ಮುಖಪುಟದ ಅಂಗಗಳನ್ನು ಬಿಡಿಸಿ ನೋಡೋಣ. ಮೇಲ್ತುದಿಯಲ್ಲಿ ಪತ್ರಿಕೆಯ ಹೆಸರು. ಅದನ್ನು ಪತ್ರಿಕೆಯವರು ಶೀರ್ಷಫಲಕವೆಂದು ಭಾವಿಸುತ್ತಾರೆ. ಅದರ ಅಕ್ಷರದ ಆಕಾರ ತಿಂಗಳು ತಿಂಗಳಿಗೆ ಬದಲಾಗಕೂಡದು, ಬಣ್ಣ ಬದಲಾಗಬಹುದು. ಪರಿಚಿತರ ಸಹಿಯನ್ನು ದೂರದಿಂದಲೇ ಗುರುತಿಸುವಂತೆ ಓದುಗರು ಅದನ್ನು ಗುರುತಿಸಬೇಕು. ನಡುವೆ ಚಿತ್ರ. ಚಿತ್ರದ ಇಕ್ಕೆಲಗಳಲ್ಲಿ ಒಳಗಿನ ಲೇಖನಗಳನ್ನು ಸೂಚಿಸುವ ಸಾಲುಗಳು. ಕೆಳಗೋ ಮೂಲೆಯಲ್ಲೋ ತಿಂಗಳು, ಬೆಲೆ, ಯಂತ್ರವು ಓದುವ ಕಪ್ಪುಗೆರೆಗಳ ಬಾರ್‌ಕೋಡ್. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಹಿಂದೊಂದು ಮೆಟ್ಟಿಲಂತೆ ಜೋಡಿಸಿದರೆ ಮೇಲ್ಭಾಗವಷ್ಟೇ ಕಾಣುತ್ತದೆ. ಒಂದರ ಪಕ್ಕಕ್ಕೊಂದು ಒತ್ತಾಗಿ ಜೋಡಿಸಿದರೆ ಎಡ ಅಂಚು ಕಾಣುತ್ತದೆ. ಆದ್ದರಿಂದಲೇ ಹೆಸರನ್ನು ಮೇಲೆಯೂ ಮುಖ್ಯವಾದ ಸಾಲನ್ನು ಎಡಗಡೆಯಲ್ಲಿಯೂ ಇಡುವ ರೂಢಿ ಬೆಳೆದಿದೆ. ಇದು ಸೌಂದರ್ಯಶಾಸ್ತ್ರವಲ್ಲ, ಅಂಗಡಿಯ ಹಲಗೆಯ ಶಾಸ್ತ್ರ!

ನಮ್ಮ ಕಾವ್ಯಮೀಮಾಂಸೆಯಲ್ಲಿ ಅಂಗಿ, ಅಂಗ ಎಂಬ ವಿಭಾಗವುಂಟು. ಒಂದು ಕಾವ್ಯದಲ್ಲಿ ಹಲವು ರಸಗಳಿದ್ದರೂ ಪ್ರಧಾನವಾದ ರಸ ಒಂದೇ. ಅದೇ ಅಂಗಿ, ಉಳಿದವು ಅದಕ್ಕೆ ಅಂಗಗಳು. ಮುಖಪುಟಕ್ಕೂ ಇದೇ ನಿಯಮ. ಚಿತ್ರವು ಅಂಗಿಯಾದರೆ ಅಕ್ಷರಗಳು ಅದರ ಸೇವೆಯಲ್ಲಿರಬೇಕು. ಹತ್ತು ಸಾಲುಗಳು ಹತ್ತು ಬಣ್ಣಗಳಲ್ಲಿ ಕೂಗಿದರೆ, ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದಂತಾಗಿ, ಯಾರ ಮಾತೂ ಕೇಳಿಸುವುದಿಲ್ಲ. ಕೆಲಸ ಕಲಿಯುವವರು ಮಾಡಿಕೊಳ್ಳಬಹುದಾದ ಒಂದು ಸುಲಭ ಪರೀಕ್ಷೆಯಿದೆ. ರಚಿಸಿದ ಮುಖಪುಟವನ್ನು ಗೋಡೆಗೆ ತಗುಲಿಸಿ, ಹತ್ತು ಅಡಿ ದೂರದಲ್ಲಿ ನಿಂತು, ಕಣ್ಣುಗಳನ್ನು ಅರ್ಧ ಮುಚ್ಚಿ ನೋಡಿರಿ. ಯಾವುದು ಮೊದಲು ಕಂಡಿತು, ಯಾವುದು ಎರಡನೆಯದಾಗಿ? ಆ ಕ್ರಮ ನೀವು ಬಯಸಿದ ಕ್ರಮವೇ ಆಗಿದ್ದರೆ ರಚನೆ ಸರಿಯಾಗಿದೆಯೆನ್ನಬಹುದು.

ಚಿತ್ರದಲ್ಲಿಯೂ ಕಣ್ಣಿಗೆ ಅಗ್ರಪೂಜೆ. ಚಿತ್ರದಲ್ಲಿರುವ ಹುಡುಗಿ ಕ್ಯಾಮರಾದ ಕಣ್ಣನ್ನೇ ನೇರವಾಗಿ ನೋಡಿದರೆ, ಅಂಗಡಿಯ ಮುಂದೆ ನಿಂತವಳಿಗೆ ತನ್ನನ್ನೇ ನೋಡುತ್ತಿರುವಂತೆ ತೋರುತ್ತದೆ. ಅದಕ್ಕಾಗಿಯೇ ಇಂಥ ಮುಖಪುಟಗಳಲ್ಲಿ ಬಹುಪಾಲು ನೇರನೋಟವೇ ಕಾಣುವುದು. ತಲೆ ಶೀರ್ಷಫಲಕದ ಒಂದೆರಡು ಅಕ್ಷರಗಳನ್ನು ಮರೆಮಾಡುವಂತೆ ನಿಲ್ಲಿಸಿದರೆ ಚಿತ್ರ ಮುಂದಕ್ಕೆ ಬಂದಂತೆ ಭಾಸವಾಗುತ್ತದೆ. ಆದರೆ ಹೆಸರು ಹಳೆಯ ಪರಿಚಯದ್ದಾಗಿದ್ದರೆ ಮಾತ್ರ ಇದು ಸಲ್ಲುತ್ತದೆ. ಹೊಸ ಪತ್ರಿಕೆಯವರು ತಮ್ಮ ಹೆಸರನ್ನೇ ಮರೆಮಾಡಿಕೊಂಡರೆ ಕೊಳ್ಳುವವರು ಯಾವ ಪತ್ರಿಕೆಯೆಂದು ಕೇಳಬೇಕು?

ಕಾಲದ ಔಚಿತ್ಯವೂ ಇದೆ. ಸಂಚಿಕೆಯ ಸಿದ್ಧತೆ ಕೆಲವು ತಿಂಗಳು ಮುಂಚೆಯೇ ಆರಂಭವಾಗುವುದರಿಂದ, ಬೇಸಿಗೆಯ ಉಡುಪಿನ ಚಿತ್ರವನ್ನು ಚಳಿ ಬಿಡುವ ಮೊದಲೇ ತೆಗೆಯಬೇಕಾಗುತ್ತದೆ. ಅಮೆರಿಕದಲ್ಲಿ ಶಾಲೆಗಳು ಆಗಸ್ಟ್–ಸೆಪ್ಟೆಂಬರಿನಲ್ಲಿ ತೆರೆಯುವುದರಿಂದ, ಅಲ್ಲಿ ಈ ಪತ್ರಿಕೆಗಳಿಗೆ ಆಗಸ್ಟ್ ಸಂಚಿಕೆ ಮುಖ್ಯವಾದದ್ದು; ಶಾಲೆಗೆ ಯಾವ ಉಡುಪಿನಲ್ಲಿ ಹೋಗಬೇಕೆಂಬುದೇ ಆ ತಿಂಗಳ ವಿಷಯ.

ಇನ್ನು ಅಚ್ಚಿನ ಮಾತು. ಬಣ್ಣದ ಮುಖಪುಟವೆಂಬುದು ನಿಜವಾಗಿ ನಾಲ್ಕೇ ಬಣ್ಣಗಳ ಚುಕ್ಕೆಗಳ ಜಾಲ: ಸಯಾನ್ ಎಂಬ ನೀಲಿ, ಮೆಜೆಂಟಾ ಎಂಬ ಕೆಂಪು, ಹಳದಿ, ಕಪ್ಪು. ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬರಿಗಣ್ಣಿಗೆ ಕೂಡಿಕೊಂಡು ಕೆನ್ನೆಯ ಬಣ್ಣವಾಗುತ್ತವೆ. ಚಿತ್ರ ಸ್ಫುಟವಾಗಿ ಮೂಡಬೇಕಾದರೆ ಒಂದು ಇಂಚಿಗೆ ಸುಮಾರು 300 ಬಿಂದುಗಳಾದರೂ ಇರಬೇಕೆಂಬುದು ಮುದ್ರಣಾಲಯದವರ ಲೆಕ್ಕ. ಅಂಚಿನವರೆಗೆ ಬಣ್ಣ ಬರಬೇಕಾದಲ್ಲಿ ಚಿತ್ರವನ್ನು ಎಲ್ಲ ಕಡೆಯೂ 3 ಮಿಲಿಮೀಟರಿನಷ್ಟು ಹೆಚ್ಚಾಗಿಯೇ ಬಿಡುತ್ತಾರೆ. ಕತ್ತರಿಸುವಾಗ ಅಲಗು ಕೂದಲೆಳೆಯಷ್ಟು ಸರಿದರೂ ಬಿಳಿಯ ಗೆರೆ ಕಾಣದಿರಲೆಂದು.

ನಿಮ್ಮ ಮನೆಯ ಮಕ್ಕಳು ಶಾಲೆಯ ಪತ್ರಿಕೆಗೆ ಕನ್ನಡದಲ್ಲಿ ಮುಖಪುಟ ಬರೆಯುವುದಾದರೆ ಅವರಿಗೆ ಒಂದು ಸೂಚನೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳೇ ಸಾಲಾಗಿ ನಿಂತರೆ ಮೇಲೂ ಕೆಳಗೂ ಸಮನಾದ ಗೋಡೆಯಂತಾಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರವೆಂಬ ಭೇದವಿಲ್ಲ, ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. ಸಾಲುಗಳ ನಡುವೆ ಎಡೆ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತುಬಿಡುತ್ತದೆ. ಇಂಗ್ಲಿಷ್ ಪತ್ರಿಕೆಯ ಅಳತೆಯನ್ನು ಹಾಗೆಯೇ ತಂದು ಕನ್ನಡಕ್ಕೆ ತೊಡಿಸಬಾರದು. ನಮ್ಮ ಅಕ್ಷರಕ್ಕೆ ಉಸಿರಾಡಲು ಜಾಗ ಬೇಕು.

ಇಷ್ಟು ಕೈಕೆಲಸದ ವಿಚಾರ. ಆದರೆ ಮುಖಪುಟದಲ್ಲಿ ಯಾರ ಮುಖವನ್ನು ಇಡಬೇಕು, ಹೇಗೆ ಇಡಬೇಕೆಂಬುದು ಕೈಯ ಕೆಲಸವಲ್ಲ, ವಿವೇಕದ ಕೆಲಸ. ಈ ವಿವೇಕಕ್ಕೆ ಸೀಪಿ ಪಿನೆಲಿಸ್ ಎಂಬಾಕೆಯ ಹೆಸರನ್ನು ಹೇಳಬೇಕು. 1908ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದು ನೆಲಸಿದ ಈಕೆ 1947ರಿಂದ 1950ರವರೆಗೆ 'ಸೆವೆಂಟೀನ್' ಪತ್ರಿಕೆಯ ಕಲಾನಿರ್ದೇಶಕಿಯಾಗಿದ್ದರು. ಹುಡುಗಿಯರ ಪತ್ರಿಕೆಯೆಂದರೆ ಹೂವು, ರಿಬ್ಬನ್ನು, ಸಿಹಿಸಿಹಿಯಾದ ಬೊಂಬೆಮುಖ ಎಂಬ ಭಾವನೆಯನ್ನು ಪಿನೆಲಿಸ್ ಒಪ್ಪಲಿಲ್ಲ. ಬೆನ್ ಶಾನ್ ಅವರಂಥ ಹೆಸರಾಂತ ಚಿತ್ರಕಾರರನ್ನು ಕರೆದು ಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಸಿದರು. ಕಲಾವಿದರಿಗೆ ಪೂರ್ಣ ಸ್ವಾತಂತ್ರ್ಯ. ಷರತ್ತು ಒಂದೇ: ಚಿತ್ರಶಾಲೆಯಲ್ಲಿ ತೂಗುಹಾಕುವ ತಮ್ಮ ಇತರ ಚಿತ್ರಗಳಿಗೆ ಇದು ಯಾವುದರಲ್ಲಿಯೂ ಕಡಿಮೆಯಾಗಿರಕೂಡದು. ಓದುವವಳು ಹದಿನಾರು ವರ್ಷದವಳೆಂಬ ಕಾರಣಕ್ಕೆ ಎರಡನೆಯ ದರ್ಜೆಯ ಪದಾರ್ಥ ಸಾಕೆಂದು ಆಕೆ ತಿಳಿಯಲಿಲ್ಲ. ಉಪಾಧ್ಯಾಯರಾದವರು ಮೆಚ್ಚಬೇಕಾದ ಗುಣವಿದು. ಮುಂದೆ ಬಹಳ ಪ್ರಸಿದ್ಧರಾದ ಛಾಯಾಗ್ರಾಹಕ ಫ್ರಾನ್ಸೆಸ್ಕೊ ಸ್ಕವೂಲೊ ಅವರ ಹೆಸರನ್ನು ಮೊದಲು ಮೇಲೆತ್ತಿದ್ದೂ ಇದೇ ಪತ್ರಿಕೆಗಾಗಿ 1948ರಲ್ಲಿ ತೆಗೆದ ಒಂದು ಮುಖಪುಟಚಿತ್ರವೇ.

ಯಾರ ಮುಖವೆಂಬ ಪ್ರಶ್ನೆ ಅಷ್ಟು ಬೇಗ ಬಗೆಹರಿಯಲಿಲ್ಲ. ಬಹುಕಾಲ ಈ ಮುಖಪುಟಗಳಲ್ಲಿ ಬಿಳಿಯ ಬಣ್ಣದ ಹುಡುಗಿಯರೇ ತುಂಬಿದ್ದರು. 1981ರ ನವೆಂಬರ್ ಸಂಚಿಕೆಯ ಮುಖಪುಟದಲ್ಲಿ ಒಬ್ಬ ಆಫ್ರಿಕನ್–ಅಮೆರಿಕನ್ ತರುಣಿ ಕಾಣಿಸಿಕೊಂಡಳು; ಆ ಪತ್ರಿಕೆಯ ಮುಖಪುಟಕ್ಕೆ ಬಂದ ಆ ಜನಾಂಗದ ಮೊದಲ ಕೆಲವರಲ್ಲಿ ಅವಳೂ ಒಬ್ಬಳು. ಆಕೆಯೇ ವಿಟ್ನಿ ಹ್ಯೂಸ್ಟನ್. ಕೆಲವೇ ವರ್ಷಗಳಲ್ಲಿ ಆಕೆಯ ಕಂಠ ಜಗತ್ತಿನ ರೇಡಿಯೋಗಳಲ್ಲೆಲ್ಲ ಕೇಳಿಬಂದಿತು. 2003ರಲ್ಲಿ ಆರಂಭವಾದ 'ಟೀನ್ ವೋಗ್' ಎಂಬ ಮತ್ತೊಂದು ಪತ್ರಿಕೆ 2015ರ ಆಗಸ್ಟ್ ಸಂಚಿಕೆಯ ಮುಖಪುಟದಲ್ಲಿ ಮೂವರು ಕಪ್ಪು ವರ್ಣದ ರೂಪದರ್ಶಿಯರನ್ನು ಒಟ್ಟಿಗೆ ನಿಲ್ಲಿಸಿತು. ಅಂಗಡಿಯ ಮುಂದೆ ನಿಂತು ಅಂಥ ಮುಖವನ್ನು ಮೊದಲ ಸಲ ಕಂಡ ಕಪ್ಪುಹುಡುಗಿಗೆ ಆ ಕಾಗದದ ಹಾಳೆ ಎಷ್ಟು ದೊಡ್ಡ ಮಾತನ್ನು ಹೇಳಿರಬೇಕೆಂಬುದನ್ನು ನೀವೇ ಯೋಚಿಸಿರಿ. ಮೈಬಣ್ಣದ ಮೇಲೆ ಹೆಣ್ಣುಮಕ್ಕಳನ್ನು ಅಳೆಯುವ ಅಭ್ಯಾಸ ನಮ್ಮ ಮನೆಗಳಿಗೂ ಹೊಸದೇನಲ್ಲವಷ್ಟೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು: ಇದ್ದ ಮುಖವನ್ನು ತಿದ್ದಬಹುದೆ? ತಿದ್ದುವ ಅಭ್ಯಾಸ ಹಳೆಯದು. ಹಿಂದೆ ಛಾಯಾಚಿತ್ರದ ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದಲೂ ಸಣ್ಣ ಕುಂಚದಿಂದಲೂ ಕಲೆಗಳನ್ನು ಮರೆಸುತ್ತಿದ್ದರು. ಗಣಕಯಂತ್ರ ಬಂದ ಮೇಲೆ ತಿದ್ದುವುದು ಸುಲಭವಾಯಿತು, ತಿದ್ದಿದ್ದು ಕಾಣದಂತಾಯಿತು. ಮುಖಪುಟಕ್ಕಾಗಿ ನಡೆದ ಪ್ರಸಿದ್ಧ ತಿದ್ದುಪಡಿಯೊಂದು ಫ್ಯಾಷನ್ ಪತ್ರಿಕೆಯದಲ್ಲ, 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಯದು. 1982ರ ಫೆಬ್ರವರಿ ಸಂಚಿಕೆಗೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡಲಾದ ಚಿತ್ರವನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲೆಂದು, ಒಂದು ಪಿರಮಿಡ್ಡನ್ನು ಯಂತ್ರದ ನೆರವಿನಿಂದ ಇನ್ನೊಂದರ ಹತ್ತಿರಕ್ಕೆ ಸರಿಸಿಬಿಟ್ಟರು! ಸಾವಿರಾರು ವರ್ಷ ಅಲುಗದ ಕಲ್ಲನ್ನು ಒಂದು ಮುಖಪುಟ ಅಲುಗಿಸಿದ ಮೇಲೆ, ಒಬ್ಬ ಹುಡುಗಿಯ ಸೊಂಟವನ್ನು ಎರಡಿಂಚು ಕಿರಿದು ಮಾಡುವುದು ಏನು ದೊಡ್ಡದು? 1990ರಲ್ಲಿ 'ಫೋಟೊಶಾಪ್' ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದ ಮೇಲೆ ಈ ಕೈಚಳಕ ಕಚೇರಿ ಕಚೇರಿಗಳಲ್ಲಿಯೂ ಹರಡಿತು.

ಇಲ್ಲಿ ಕೆಲವರು ಕೇಳಬಹುದು: ಕವಿಗಳು ಮಾಡಿದ್ದೂ ಇದೇ ಅಲ್ಲವೆ? ಮುಖವನ್ನು ಚಂದ್ರನೆಂದರು, ನಡುವನ್ನು ಇಲ್ಲವೇ ಇಲ್ಲವೆಂಬಷ್ಟು ತೆಳುವಾಗಿಸಿದರು. ಅದನ್ನು ಮೆಚ್ಚಿ ಪಾಠ ಹೇಳುವವರು ಇದನ್ನೇಕೆ ಆಕ್ಷೇಪಿಸಬೇಕು? ಪ್ರಶ್ನೆ ನ್ಯಾಯವಾದದ್ದು. ಉತ್ತರ ಅಲಂಕಾರಶಾಸ್ತ್ರದಲ್ಲಿಯೇ ಇದೆ. ಉಪಮೆಯಲ್ಲಿ 'ಅಂತೆ', 'ಹಾಗೆ' ಎಂಬ ವಾಚಕಪದವಿರುತ್ತದೆ. ಹೋಲಿಕೆ ಹೋಲಿಕೆಯೇ ಎಂದು ಅದು ಸಾರಿ ಹೇಳುತ್ತದೆ. ವಾಚಕಪದವಿಲ್ಲದ ರೂಪಕದಲ್ಲಿಯೂ ಅತಿಶಯೋಕ್ತಿಯಲ್ಲಿಯೂ ಕವಿ ಹೆಚ್ಚಿಸಿ ಹೇಳುತ್ತಿದ್ದಾನೆಂಬುದು ಕೇಳುವವರಿಗೆ ಗೊತ್ತಿದೆ, ಕವಿಗೂ ಗೊತ್ತಿದೆ. ಚಂದ್ರಮುಖಿಯೆಂಬ ಮಾತನ್ನು ಕೇಳಿ ಯಾವ ಹುಡುಗಿಯೂ ಹುಣ್ಣಿಮೆಯ ರಾತ್ರಿ ತನ್ನ ಮುಖವನ್ನು ಚಂದ್ರನ ಪಕ್ಕದಲ್ಲಿಟ್ಟು ಅಳೆದು ಅತ್ತದ್ದಿಲ್ಲ. ಛಾಯಾಚಿತ್ರವಾದರೋ "ಇದ್ದದ್ದನ್ನು ಇದ್ದಹಾಗೆ ತೋರಿಸುತ್ತೇನೆ" ಎಂಬ ನಂಬಿಕೆಯನ್ನು ಹೊತ್ತುಕೊಂಡೇ ಬರುತ್ತದೆ. ಅದರಲ್ಲಿ ಅತಿಶಯೋಕ್ತಿಯನ್ನು ಬೆರೆಸಿ, ಬೆರೆಸಿದ್ದನ್ನು ಮುಚ್ಚಿಟ್ಟರೆ ಅಲಂಕಾರವೆಲ್ಲಿ ಉಳಿಯಿತು? ಅದು ಸುಳ್ಳುಸಾಕ್ಷಿ. ನೋಡಿದವಳು ಆ ಮುಖದ ಪಕ್ಕದಲ್ಲಿ ತನ್ನ ಮುಖವನ್ನಿಟ್ಟು ಅಳೆಯುತ್ತಾಳೆ. ಅಳೆಯುವ ಕೋಲೇ ಖೋಟಾ ಎಂಬುದು ಅವಳಿಗೆ ತಿಳಿಯದು.

ಇದನ್ನು ಪಂಡಿತರಿಗಿಂತ ಸ್ಪಷ್ಟವಾಗಿ ಕಂಡವಳು ಒಬ್ಬ ಎಂಟನೆಯ ತರಗತಿಯ ಹುಡುಗಿ. ಅಮೆರಿಕದ ಮೇಯ್ನ್ ರಾಜ್ಯದ ಜೂಲಿಯಾ ಬ್ಲೂಮ್ ಎಂಬ 14 ವರ್ಷದ ಬಾಲಿಕೆ ಬ್ಯಾಲೆ ನೃತ್ಯವನ್ನು ಕಲಿಯುತ್ತಿದ್ದಳು. ಜೊತೆಯ ಹುಡುಗಿಯರು ತಾವು ದಪ್ಪಗಾಗಿದ್ದೇವೆಂದು ಮತ್ತೆ ಮತ್ತೆ ಕೊರಗುವುದನ್ನು ಕೇಳಿ ಕೇಳಿ, 2012ರಲ್ಲಿ ಆಕೆ 'ಸೆವೆಂಟೀನ್' ಪತ್ರಿಕೆಗೆ ಒಂದು ಮನವಿಯನ್ನು ಸಿದ್ಧಪಡಿಸಿದಳು. ಕೇಳಿದ್ದು ಬಹು ಚಿಕ್ಕ ವರ: ತಿಂಗಳಿಗೆ ಒಂದೇ ಒಂದು ಚಿತ್ರಮಾಲೆಯನ್ನಾದರೂ ತಿದ್ದದೆ ಅಚ್ಚು ಮಾಡಿ. 80,000ಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು. ಆ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ಸಂಪಾದಕಿ ಆ್ಯನ್ ಶೋಕೆಟ್ ಅವರು, ಹುಡುಗಿಯರ ಮೈ ಮತ್ತು ಮುಖದ ಆಕಾರವನ್ನು ಬದಲಾಯಿಸುವುದಿಲ್ಲವೆಂದು ಓದುಗರಿಗೆ ಬಹಿರಂಗವಾಗಿ ಮಾತು ಕೊಟ್ಟರು. 1944ರಲ್ಲಿ ಓದುಗಳೋ ಗಿರಾಕಿಯೋ ಎಂದು ಆರಂಭವಾದ ಪ್ರಶ್ನೆಗೆ, ಅರವತ್ತೆಂಟು ವರ್ಷಗಳ ತರುವಾಯ ಓದುಗಳೇ ಎದ್ದು ನಿಂತು ಉತ್ತರ ಹೇಳಿದಂತಾಯಿತು. ಫ್ರಾನ್ಸ್ ದೇಶದಲ್ಲಿ 2017ರ ಅಕ್ಟೋಬರ್ ತಿಂಗಳಿನಿಂದ, ಜಾಹೀರಾತಿನ ಚಿತ್ರಗಳಲ್ಲಿ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ್ದರೆ ತಿದ್ದಲಾಗಿದೆಯೆಂದು ಚಿತ್ರದ ಜೊತೆಯಲ್ಲಿಯೇ ಅಚ್ಚು ಮಾಡಬೇಕೆಂಬ ನಿಯಮ ಜಾರಿಗೆ ಬಂದಿತು. ಬಿಟ್ಟುಹೋಗಿದ್ದ ವಾಚಕಪದವನ್ನು ಕಾನೂನು ಮತ್ತೆ ತಂದು ಸೇರಿಸಿತೆನ್ನಬಹುದು.

ಈಗ ಕಾಲ ಬದಲಾಗಿದೆ. 'ಟೀನ್ ವೋಗ್' 2017ರಲ್ಲಿ ಅಚ್ಚಾಗುವುದನ್ನು ನಿಲ್ಲಿಸಿತು. 'ಸೆವೆಂಟೀನ್' 2018ರಲ್ಲಿ ಕ್ರಮವಾದ ಅಚ್ಚಿನ ಸಂಚಿಕೆಗಳನ್ನು ಬಿಟ್ಟು, ವಿಶೇಷ ಸಂಚಿಕೆಗಳಿಗೂ ಅಂತರ್ಜಾಲಕ್ಕೂ ಹೊರಳುವ ನಿರ್ಧಾರವನ್ನು ಮಾಡಿತು. ಹಾಗೆಂದು ಮುಖಪುಟದ ಪ್ರಶ್ನೆ ಮುಗಿದಿಲ್ಲ. ಅದು ಅಂಗಡಿಯಿಂದ ಹೊರಟು ಮನೆಯೊಳಕ್ಕೇ ಬಂದಿದೆ. ಮೊಬೈಲ್ ಫೋನು ಹಿಡಿದ ಪ್ರತಿಯೊಬ್ಬ ಹುಡುಗಿಯೂ ಹುಡುಗನೂ ಇಂದು ತನ್ನ ಮುಖಪುಟಕ್ಕೆ ತಾನೇ ಕಲಾನಿರ್ದೇಶಕ, ತಾನೇ ರೂಪದರ್ಶಿ. ಹಿಂದೆ ನ್ಯೂಯಾರ್ಕಿನ ಕಚೇರಿಯೊಂದರಲ್ಲಿ ನುರಿತವರು ಗಂಟೆಗಟ್ಟಲೆ ಕುಳಿತು ಮಾಡುತ್ತಿದ್ದ ತಿದ್ದುಪಡಿಯನ್ನು ಫೋನು ಕ್ಷಣದಲ್ಲಿ ಮಾಡಿಕೊಡುತ್ತದೆ. ಇನ್ನೊಬ್ಬರ ತಿದ್ದಿದ ಮುಖವನ್ನು ಕಂಡು ಕೊರಗುವ ಕಷ್ಟದ ಜೊತೆಗೆ, ತನ್ನದೇ ತಿದ್ದಿದ ಮುಖವನ್ನು ಕಂಡು ಕನ್ನಡಿಯ ಮುಂದೆ ಕೊರಗುವ ಕಷ್ಟವೂ ಸೇರಿಕೊಂಡಿದೆ.

ಬೈದು ಫೋನನ್ನು ಕಿತ್ತಿಟ್ಟುಕೊಳ್ಳುವುದರಿಂದ ಇದಕ್ಕೆ ಪರಿಹಾರ ದೊರೆಯದು. ಅದಕ್ಕಿಂತ ಒಂದು ಭಾನುವಾರ ಮಕ್ಕಳಿಗೆ ಕಾಗದ, ಬಣ್ಣ, ಕತ್ತರಿ ಕೊಟ್ಟು, "ನಿಮ್ಮ ವಯಸ್ಸಿನವರಿಗಾಗಿ ಒಂದು ಪತ್ರಿಕೆ ಹೊರಡುತ್ತದೆ, ಮುಖಪುಟವನ್ನು ನೀವೇ ಮಾಡಿ" ಎಂದು ಹೇಳಿ ನೋಡಿರಿ. ಯಾರ ಚಿತ್ರ ಹಾಕುವುದು, ಏಕೆ ಅವರದೇ, ಯಾವ ಮಾತನ್ನು ದಪ್ಪಕ್ಷರದಲ್ಲಿ ಬರೆಯುವುದು, ಯಾವುದನ್ನು ಬಿಡುವುದು ಎಂದು ಅವರೇ ಚರ್ಚಿಸಲಿ. ಸೈಕಲ್ ತುಳಿದು ಬಂದು ಬೆವರಿದ ಗೆಳತಿಯ ಮುಖವನ್ನು ಹಾಕೋಣವೆಂದು ಒಬ್ಬಳು ಹೇಳಬಹುದು. ಬೇಡ, ಅಚ್ಚುಕಟ್ಟಾಗಿರಲಿ ಎಂದು ಇನ್ನೊಬ್ಬಳು ಹಟ ಹಿಡಿಯಬಹುದು. ಆ ವಾದ ನಡೆಯಲಿ. ಒಂದು ಮುಖಪುಟವನ್ನು ಕೈಯಾರೆ ಮಾಡಿದ ಮೇಲೆ, ಎಂಥ ಹೊಳೆಯುವ ಮುಖ ಕಣ್ಣಮುಂದೆ ಬಂದರೂ, ಇದರ ಹಿಂದೆ ಆರಿಸಿದವರೂ ಕತ್ತರಿಸಿದವರೂ ತಿದ್ದಿದವರೂ ಇದ್ದಾರೆಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಆಗ ಅವರು ಆ ಚಿತ್ರದ ಚೆಲುವನ್ನು ನೋಡಿ ಸಂತೋಷಪಡಲೂ ಬಲ್ಲರು, ಅದನ್ನು ತಮ್ಮ ಅಳತೆಗೋಲು ಮಾಡಿಕೊಳ್ಳದೆ ಇರಲೂ ಬಲ್ಲರು.